ಊರಿನವರು ಊಟ ಮಾಡುವ ಜಾಗ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಅಂಗಡಿಯ ಮುಂದೆ ಬಂದು ನಿಂತ ಇಬ್ಬರು ಬೀಗದ ಕೈ ಮಾಡಿಸಲು ಬಂದವರಲ್ಲ ಎಂದು ಫಿರ್ಮಿನೊನಿಗೆ ತಲೆ ಎತ್ತುವ ಮೊದಲೇ ಗೊತ್ತಾಯಿತು. ಬೀಗದ ಕೈ ಮಾಡಿಸುವವರು ಜೇಬಿನೊಳಗೆ ಕೈ ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಬರುತ್ತಾರೆ. ಇವರು ಮೊದಲು ಅಂಗಡಿಯ ಬಣ್ಣ ಹೋದ ಬಾಗಿಲು ನೋಡಿದರು, ಆಮೇಲೆ ಅವನ ಎಣ್ಣೆ ಕಲೆಯ ಏಪ್ರನ್ ನೋಡಿದರು, ಕೊನೆಗೆ ಅವನ ಅರವತ್ತೊಂದು ವರ್ಷದ ಮುಖ ನೋಡಿ, ಹುಡುಕುತ್ತಿದ್ದ ಸಾಮಾನು ಸಿಕ್ಕಿತು ಅನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹನ್ನೆರಡು ವರ್ಷಗಳಿಂದ ಅದೇ ನಗು, ಅದರ ಹಿಂದೆಯೇ ಅದೇ ಪ್ರಶ್ನೆ. ನೀವೆಲ್ಲ ಎಲ್ಲಿ ಊಟ ಮಾಡ್ತೀರಿ? ನಮ್ಮಂಥ ಪ್ರವಾಸಿಗಳು ಹೋಗೋ ಜಾಗ ಬೇಡ, ಊರಿನವರು ಹೋಗೋ ಜಾಗ ಹೇಳಿ. ರುಚಿಯಾಗಿರಬೇಕು, ಬೆಲೆ ಕೈಗೆಟುಕಬೇಕು. ನಮ್ಮ ಅಲ್ಫಾಮಾ ಕೇರಿಯಲ್ಲಿ ಈ ಪ್ರಶ್ನೆ ಕೇಳಿಸದೆ ಒಂದು ಬೆಳಗೂ ಕಳೆಯುವುದಿಲ್ಲ. ಮೂರು ದಿನಕ್ಕೆಂದು ಲಿಸ್ಬನ್ನಿಗೆ ಬಂದವರಿಗೆ ಮೂರು ದಿನವೂ ಊರಿನವರಾಗಿಬಿಡಬೇಕೆಂಬ ಹಟ. ಅದಕ್ಕೆ ಫಿರ್ಮಿನೊನ ಬಳಿ ಸಿದ್ಧ ಉತ್ತರವಿತ್ತು. ಈ ಮೆಟ್ಟಿಲು ಹತ್ತಿ ಹೋಗಿ, ಇಗರ್ಜಿ ಹತ್ತಿರ ಎಡಕ್ಕೆ ತಿರುಗಿ, ಮತ್ತೆ ಹತ್ತಿ, ಹಳದಿ ಬಾಗಿಲು, ಅಡೆಲಿನೊ ಅಂತ ಕೇಳಿ. ಇವತ್ತು ಆ ಉತ್ತರ ನಾಲಗೆಯ ತನಕ ಬಂದು ಅಲ್ಲೇ ನಿಂತುಬಿಟ್ಟಿತು.

ಅಡೆಲಿನೊನ ಹೋಟೆಲಿನಲ್ಲಿ ಫಿರ್ಮಿನೊ ಜೀವಮಾನದಲ್ಲಿ ಒಂದೇ ಸಲ ಉಂಡಿದ್ದ, ಉಂಡು ಎರಡು ದಿನ ಹಾಸಿಗೆ ಹಿಡಿದಿದ್ದ. ಅವನು ದಿನಾ ಉಣ್ಣುತ್ತಿದ್ದದ್ದು ಅಂಗಡಿಯಿಂದ ಕೂಗಳತೆಯ ದೂರದಲ್ಲಿ, ಮೆಟ್ಟಿಲ ಕೆಳಗಿನ ಕುರುಡು ಓಣಿಯಲ್ಲಿದ್ದ ಜುಲ್ಮಿರಾಳ ಊಟದ ಮನೆಯಲ್ಲಿ. ಆರು ಮೇಜು, ಬೋರ್ಡು ಇಲ್ಲ, ಮೇಜಿನ ಮೇಲೆ ಕಾಗದದ ಹಾಸು, ಅಡುಗೆ ಆಕೆಯದೇ, ಬಡಿಸುವುದೂ ಆಕೆಯೇ. ಇಪ್ಪತ್ತೇಳು ವರ್ಷದಿಂದ ಅಡುಗೆಮನೆ ಬಾಗಿಲ ಪಕ್ಕದ ಮೇಜು ಅವನದು. ಅಲ್ಲಿ ಕೂತರೆ ಒಳಗಿನಿಂದ ಆಕೆ ತಲೆ ಹೊರಗೆ ಹಾಕದೆಯೇ, ಸೆನ್ಯೋರ್ ಫಿರ್ಮಿನೊ ಬಂದ್ರಾ, ಅನ್ನುವುದು ಕೇಳುತ್ತಿತ್ತು. ಹೆಂಡತಿ ಬಿಟ್ಟುಹೋದ ಮೇಲೆ ಅವನ ಹೆಸರನ್ನು ದಿನಕ್ಕೊಮ್ಮೆಯಾದರೂ ತಪ್ಪದೆ ಕರೆಯುತ್ತಿದ್ದ ಬಾಯಿ ಇಡೀ ಲಿಸ್ಬನ್ನಿನಲ್ಲಿ ಅದೊಂದೇ. ನಿನ್ನೆ ಆಕೆ ಸೂಪಿನ ಬಟ್ಟಲು ತಂದಿಟ್ಟವಳು ಒಳಗೆ ಹೋಗಲಿಲ್ಲ. ಕೈ ಒರೆಸಿಕೊಳ್ಳುತ್ತ ನಿಂತು, ಕಟ್ಟಡದ ಯಜಮಾನ ಶುಕ್ರವಾರ ಜಾಗ ಬಿಡುವ ಕಾಗದ ತರುತ್ತಾನಂತೆ, ಸಹಿ ಹಾಕಿ ಬೀಗದ ಕೈ ಕೊಟ್ಟುಬಿಡುವುದೇ ಅಂತ ಯೋಚಿಸುತ್ತಿದ್ದೇನೆ, ಅಂದಳು. ಯಾರು ಬರ್ತಾರೆ ಸೆನ್ಯೋರ್ ಫಿರ್ಮಿನೊ, ಈ ಓಣಿಗೆ ಒಂದು ನರಪಿಳ್ಳೆಯೂ ಇಳಿಯೋದಿಲ್ಲ. ಹಾಗೆಂದು ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಐದು ಖಾಲಿ ಮೇಜುಗಳ ಮೇಲಿನ ಕಾಗದ ಗಾಳಿಗೆ ಅಲುಗುತ್ತಿತ್ತು.

ಯಾಕೆ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇಳಿಯಲು ಬಂದವರನ್ನೆಲ್ಲ ಹನ್ನೆರಡು ವರ್ಷ ಮೇಲಕ್ಕೆ ಹತ್ತಿಸಿದವನು ಅವನೇ. ಅದೂ ಎಂಥ ಕಾರಣಕ್ಕೆ! ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೋಗಿ ನೋಡಿದರೆ ಅವನ ಮೇಜಿನಲ್ಲಿ ಕೆಂಪು ಮುಖದ ದಂಪತಿ ಕೂತಿದ್ದರು. ಅವರಿಗೆ ಕಾಗದವಲ್ಲ, ಬಟ್ಟೆ ಹಾಸಿದ್ದಳು ಜುಲ್ಮಿರಾ. ಮಾತು ಬಾರದೆ ಕೈಸನ್ನೆಯಲ್ಲಿ ಕೋಳಿ, ಹಂದಿ, ಮೀನು ಅಂತ ಅಭಿನಯಿಸಿ ಮೂವರೂ ನಗುತ್ತಿದ್ದರು. ಇವನನ್ನು ನೋಡಿ ಆಕೆ, ಇವತ್ತೊಂದು ದಿನ ಆ ಮೂಲೇಲಿ ಕೂತ್ಕೊಳ್ಳಿ, ಇವರು ದೂರದಿಂದ ಬಂದಿದ್ದಾರೆ, ಅಂದಳು. ಆ ಮೂಲೆ ಕಕ್ಕಸಿನ ಬಾಗಿಲ ಎದುರಿಗಿತ್ತು. ಯಾರು ಹೋಗಿ ಬಂದರೂ ಬಾಗಿಲು ಅವನ ಕುರ್ಚಿಗೆ ಬಡಿಯುತ್ತಿತ್ತು, ಬಡಿದವರು ಕ್ಷಮಿಸಿ ಅನ್ನುತ್ತಿದ್ದರು, ಅವನು ಪರವಾಗಿಲ್ಲ ಅನ್ನುತ್ತಿದ್ದ. ಏಳು ಸಲ ಪರವಾಗಿಲ್ಲ ಅಂದ ಮೇಲೆ ಅವನಿಗೆ ಪರವಾಗಿದೆ ಎಂದು ತಿಳಿಯಿತು. ಮಾರನೆಯ ಬೆಳಿಗ್ಗೆ ಯಾರೋ ಬಂದು ಊರಿನವರು ಎಲ್ಲಿ ಉಣ್ಣುತ್ತಾರೆ ಎಂದು ಕೇಳಿದಾಗ ಅವನ ಕೈ ಮೇಲಕ್ಕೆ ಹೋಯಿತು. ಕೆಳಗಿನ ಓಣಿಯಲ್ಲಿ ಏನಿದೆ ಎಂದು ಕೇಳಿದವರಿಗೆ, ಏನೂ ಇಲ್ಲ, ಚರಂಡಿ ಅಂದ. ಜುಲ್ಮಿರಾಳಿಗೆ ಯಾಕೆ ಸುಮ್ಮನೆ ಕಷ್ಟ, ಒಬ್ಬಳೇ ಹೆಂಗಸು, ಎಂದು ಆಮೇಲಾಮೇಲೆ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಿದ ಕೂಡ. ಅತ್ತ ಅಡೆಲಿನೊ ಏಳಿಗೆಯಾಗಿ ಪಕ್ಕದ ಮಳಿಗೆಯನ್ನೂ ಹಿಡಿದು, ಗೋಡೆ ಒಡೆಸಿ, ಬಂದವರೆಲ್ಲ ಬೀಗದ ಕೈಯವರು ಕಳಿಸಿದರು ಅನ್ನುತ್ತಾರೆಂದು ಪ್ರತಿ ಕ್ರಿಸ್ಮಸ್ಸಿಗೆ ಒಂದು ಬಾಟಲಿ ವೈನ್ ಕಳಿಸತೊಡಗಿದ. ಅದನ್ನು ಕುಡಿಯಲಾರದೆ, ಚೆಲ್ಲಲಾರದೆ, ಫಿರ್ಮಿನೊ ಮಂಚದ ಕೆಳಗೆ ಒಂದರ ಪಕ್ಕ ಒಂದು ಮಲಗಿಸಿಡುತ್ತಿದ್ದ.

ಈಗ ನೋಡಿದರೆ ಓಣಿಯಲ್ಲಿ ಊರಿನವರು ಅಂತ ಉಳಿದವರೇ ಇಲ್ಲ. ಮನೆಗಳೆಲ್ಲ ಪ್ರವಾಸಿಗಳು ಮೂರು ದಿನಕ್ಕೆ ಇಳಿದುಕೊಳ್ಳುವ ಕೋಣೆಗಳಾಗಿವೆ, ಆ ಕೋಣೆಗಳಿಗೆಲ್ಲ ನಕಲಿ ಬೀಗದ ಕೈ ಕಡಿದುಕೊಟ್ಟವನೂ ಇವನೇ. ಬಡಗಿಯ ಮನೆಯದು, ದರ್ಜಿಯವಳ ಮನೆಯದು, ಟ್ರಾಮಿನ ಡ್ರೈವರನ ಮನೆಯದು, ಒಂದೊಂದಕ್ಕೂ ಆರಾರು. ಅವರೆಲ್ಲ ಮನೆ ಬಿಟ್ಟು ಹೋಗುವ ತನಕ ಜುಲ್ಮಿರಾಳ ಉಳಿದ ಐದು ಮೇಜುಗಳಲ್ಲಿ ದಿನಾ ಉಣ್ಣುತ್ತಿದ್ದವರು. ಕಳೆದ ಆರು ವಾರದಿಂದ ಜುಲ್ಮಿರಾಳ ಕೈಯೂ ಹದ ತಪ್ಪಿತ್ತು. ಟೊಮೆಟೊ ಅನ್ನ ಬಾಯಿಗಿಟ್ಟರೆ ಉಪ್ಪು ಕಿವಿಯ ತನಕ ಹೋಗುತ್ತಿತ್ತು, ಹುರಿದ ಬಂಗುಡೆಯನ್ನು ಸಮುದ್ರದ ನೀರಲ್ಲೇ ಬೇಯಿಸಿದಳೋ ಅನ್ನಿಸುತ್ತಿತ್ತು. ಚಿಂತೆಯಿಂದ ಕೈ ನಡುಗಿ ಉಪ್ಪು ಜಾಸ್ತಿ ಬೀಳುತ್ತಿದೆ, ಚಿಂತೆಗೆ ಕಾರಣ ನಾನು, ಆದ್ದರಿಂದ ಈ ಉಪ್ಪು ತಿನ್ನಬೇಕಾದವನೂ ನಾನೇ ಎಂದು ಫಿರ್ಮಿನೊ ತಟ್ಟೆಯಲ್ಲಿ ಒಂದಗುಳೂ ಬಿಡದೆ, ಕೊನೆಗೆ ರೊಟ್ಟಿಯಲ್ಲಿ ಒರೆಸಿಕೊಂಡು ತಿಂದು, ತುಂಬಾ ಚೆನ್ನಾಗಿತ್ತು ದೋನ ಜುಲ್ಮಿರಾ, ಎಂದು ಹೇಳಿ ಏಳುತ್ತಿದ್ದ. ಆಕೆ ಅವನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಆ ನೋಟಕ್ಕೆ ಅವನು ತಲೆ ತಗ್ಗಿಸುತ್ತಿದ್ದ. ನಾಳೆ ಶುಕ್ರವಾರ, ನಾಳೆ ಸಹಿ. ಇವತ್ತಿನೊಳಗೆ ಆ ಆರು ಮೇಜು ತುಂಬದಿದ್ದರೆ ಆ ಮನೆಯ ಒಲೆ ಆರಿಸಿದ ಪಾಪ ತನ್ನ ತಲೆಗೇ ಎಂದು ರಾತ್ರಿಯೆಲ್ಲ ಹೊರಳಾಡಿ ಎದ್ದಿದ್ದ.

ಆದ್ದರಿಂದ ಆ ಹತ್ತೂಕಾಲಿನ ದಂಪತಿಗೆ ಅವನು ಬೀಗದ ಕೈ ಉಜ್ಜುವ ಅರವನ್ನು ಕೆಳಗಿಟ್ಟು, ಹೊರಗೆ ಬಂದು, ಮುಖವರಳಿಸಿ, ನಿಜ ಹೇಳಿದ. ಜುಲ್ಮಿರಾ ಅಂತ, ಇಲ್ಲೇ ಕೆಳಗೆ, ನಾನು ದಿನಾ ಅಲ್ಲೇ ಉಣ್ಣೋದು, ತುಂಬಾ ರುಚಿ, ತುಂಬಾ ಅಗ್ಗ, ಬನ್ನಿ ನಾನೇ ತೋರಿಸ್ತೀನಿ. ಹೇಳುತ್ತಾ ಹೇಳುತ್ತಾ ಅವರಿಬ್ಬರ ಮುಖದಲ್ಲಿದ್ದ ಬೆಳಕು ಹೋಗುವುದನ್ನು ಕಂಡ. ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಗಂಡ ಫೋನು ತೆಗೆದು ಅದರೊಳಗೆ ಏನೋ ನೋಡುವವನಂತೆ ಮಾಡಿ, ಈಗ ತಾನೇ ತಿಂಡಿ ಆಯ್ತು, ಆಮೇಲೆ ನೋಡ್ತೀವಿ, ಅಂದ. ಮೆಟ್ಟಿಲು ಹತ್ತಿ ಹೋಗುವಾಗ ತಿರುಗಿ ತಿರುಗಿ ನೋಡಿದರು, ಹಿಂಬಾಲಿಸಿ ಬಂದಾನೋ ಎಂದು. ಇರಲಿ, ಇಂಗ್ಲಿಷು ಸರಿಹೋಗಲಿಲ್ಲವೇನೋ ಎಂದುಕೊಂಡ ಫಿರ್ಮಿನೊ. ಮುಂದೆ ಬಂದ ಮೂರು ಮಕ್ಕಳ ಜರ್ಮನ್ ತಂದೆಗೆ ಇನ್ನೂ ಉತ್ಸಾಹದಿಂದ, ಮಕ್ಕಳಿಗೆ ಅರ್ಧ ಪ್ಲೇಟೂ ಕೊಡ್ತಾರೆ ಎಂದು ಸೇರಿಸಿ ಹೇಳಿದ. ಆ ತಂದೆ ಮಕ್ಕಳನ್ನು ಎಣಿಸಿಕೊಂಡು ಹೊರಟೇ ಹೋದ. ಆಮೇಲೆ ಬಂದ ಇಬ್ಬರು ವಯಸ್ಸಾದ ಗೆಳತಿಯರಲ್ಲಿ ಒಬ್ಬಾಕೆಗೆ ಇವನನ್ನು ನೋಡಿ ಕನಿಕರ ಬಂತು. ಮಾತು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಬೇಜಾರು ಮಾಡ್ಕೋಬೇಡಿ ಸ್ವಾಮಿ, ನಮ್ಮದೊಂದು ನಿಯಮ ಇದೆ, ಯಾವ ಊರಿಗೆ ಹೋದರೂ ಅದೇ ನಿಯಮ, ಬೀದಿಯಲ್ಲಿ ನಿಂತು ಬನ್ನಿ ಬನ್ನಿ ಅಂತ ಕರೆಯೋ ಜಾಗಕ್ಕೆ ನಾವು ಹೋಗೋದಿಲ್ಲ. ಕರೀತಾರೆ ಅಂದ್ರೆ ಊರಿನವರು ಬರಲ್ಲ ಅಂತ ತಾನೇ ಅರ್ಥ?

ಕೆಳಗಿನ ಚೌಕದಲ್ಲಿ ಎವರಿಸ್ತು ಅಂತ ಒಬ್ಬ ಇದ್ದಾನೆ. ಊಟದ ಬಣ್ಣದ ಫೋಟೋ ಇರುವ ರಟ್ಟು ಹಿಡಿದುಕೊಂಡು, ಹಲೋ ಮೈ ಫ್ರೆಂಡ್ ಎಂದು ದಾರಿಗಡ್ಡ ನಿಂತು, ಆರು ಭಾಷೆಯಲ್ಲಿ ಬನ್ನಿ ಅನ್ನುವುದೇ ಅವನ ಕೆಲಸ. ಸತ್ತರೂ ಆ ಕೆಲಸ ಮಾಡೆ ಎಂದು ಇಡೀ ಅಲ್ಫಾಮಾ ಅವನನ್ನು ನೋಡಿ ನಗುತ್ತಿತ್ತು, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಫಿರ್ಮಿನೊ. ಮೂವತ್ತೈದು ವರ್ಷ ಅರ ಹಿಡಿದು ಗೌರವದಿಂದ ಬದುಕಿದವನನ್ನು ಈ ಹೆಂಗಸು ಎವರಿಸ್ತುವಿನ ಸಾಲಿಗೆ ಸೇರಿಸಿಬಿಟ್ಟಳಲ್ಲ ಎಂದು ಮೈ ಉರಿಯಿತು. ಸುಳ್ಳು ಹೇಳಿದಾಗ ಕೈ ಕುಲುಕಿ ಹೋಗುತ್ತಿದ್ದವರು, ನಿಜ ಹೇಳಿದರೆ ಕೈಚೀಲ ಎದೆಗವಚಿಕೊಳ್ಳುತ್ತಾರೆ. ಇದೆಂಥ ಜನ? ಹನ್ನೊಂದು ಗಂಟೆಯಾಗಿತ್ತು. ಕೆಳಗಿನ ಓಣಿಯಿಂದ ಈರುಳ್ಳಿ ಬಾಡಿಸುವ ವಾಸನೆ ಬರತೊಡಗಿತ್ತು, ಒಬ್ಬನೇ ಒಬ್ಬ ಗಿರಾಕಿಗೋಸ್ಕರ ಆಕೆ ಬಾಡಿಸುತ್ತಿದ್ದ ಈರುಳ್ಳಿ. ಆ ವಾಸನೆಗೆ ಅವನಿಗೆ ಅಳು ಬಂದಂತಾಯಿತು. ಒಳಗೆ ಹೋಗಿ ಯಂತ್ರ ಹಾಕಿ, ಯಾರಿಗೂ ಬೇಡವಾದ ಒಂದು ಬೀಗದ ಕೈಯನ್ನು ಸುಮ್ಮನೆ ಕಡಿಯತೊಡಗಿದ.

ಅಷ್ಟರಲ್ಲಿ ಬಂದವಳು ಎತ್ತರದ ಹುಡುಗಿ, ಹಾಲೆಂಡಿನವಳು. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ನೋಟುಬುಕ್ಕು. ಅವಳ ಹಿಂದೆ ಮೂವರು ಗೆಳೆಯರು. ಪ್ರಶ್ನೆ ಅದೇ. ಫಿರ್ಮಿನೊ ಯಂತ್ರ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. ಹೇಳಲ್ಲ, ಅಂದ. ರೇಗಿ ಅಂದದ್ದು, ಲೆಕ್ಕ ಹಾಕಿ ಅಂದದ್ದಲ್ಲ. ಆದರೆ ಹುಡುಗಿ ಒಂದು ಹೆಜ್ಜೆ ಒಳಗೇ ಬಂದಳು. ಯಾಕೆ ಹೇಳಲ್ಲ? ಯಾಕೇಂದ್ರೆ ಅದು ನಮ್ಮದು, ಆರೇ ಮೇಜು ಇರೋದು, ನೀವೆಲ್ಲ ಹೋಗಿ ಕೂತ್ರೆ ನಾವೆಲ್ಲಿ ಹೋಗೋಣ? ಇದನ್ನು ಹೇಳುವಾಗ ಹನ್ನೆರಡು ವರ್ಷದ ಹಿಂದಿನ ಕಕ್ಕಸಿನ ಬಾಗಿಲು ಬೆನ್ನಿಗೆ ಬಡಿದಂತಾಗಿ ದನಿ ತಾನಾಗಿ ನಡುಗಿತು. ಹುಡುಗಿಯ ಕಣ್ಣು ಇಷ್ಟಗಲವಾದವು. ಯಾರಿಗೂ ಹೇಳಲ್ಲ, ಆಣೆ, ಅಂದಳು. ಬೋರ್ಡಿಲ್ಲ, ಕಾಣಿಸೋದೂ ಇಲ್ಲ, ಹೋಗಿ ನಿಮ್ಮ ಕೆಲಸ ನೋಡ್ಕೊಳ್ಳಿ, ಆ ಕೆಳಗಿನ ಓಣಿ ಕಡೆ ಮಾತ್ರ ಕಾಲಿಡಬೇಡಿ, ಅಂದ ಫಿರ್ಮಿನೊ. ನಾಲ್ವರೂ ಕೆಳಗಿನ ಓಣಿಯ ಕಡೆಗೆ ಹೆಚ್ಚು ಕಡಿಮೆ ಓಡಿದರು.

ಆಗ ಅವನಿಗೆ ತಿಳಿಯಿತು. ಹನ್ನೆರಡು ವರ್ಷ ಅವನ ಸುಳ್ಳನ್ನು ಜನ ನಂಬಿದ್ದು ಅದು ಸುಳ್ಳಾಗಿದ್ದಕ್ಕೇ. ಹೇಳುವ ಮೊದಲು ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕಿಗೆ ಅವನು ಒಂದು ಗಳಿಗೆ ತಡೆಯುತ್ತಿದ್ದ, ಕಣ್ಣು ತಪ್ಪಿಸುತ್ತಿದ್ದ, ದನಿ ತಗ್ಗಿಸುತ್ತಿದ್ದ. ಕೇಳುವವರಿಗೆ ಅದು ಗುಟ್ಟು ಬಿಟ್ಟುಕೊಡುವವನ ಸಂಕಟದಂತೆ ಕಂಡಿತ್ತು. ಹಾಗಿದ್ದರೆ ನಿಜವನ್ನೂ ಅದೇ ಮುಖದಲ್ಲಿ ಹೇಳಿದರಾಯಿತು. ಮುಂದಿನವರು ಬಂದಾಗ ಅವನು ತಡೆದ, ನಿಟ್ಟುಸಿರಿಟ್ಟ, ಬೀದಿಯ ಎರಡೂ ತುದಿ ನೋಡಿದ, ಗೊತ್ತಿಲ್ಲ ಅಂದ, ಅವರು ಹೊರಡುವ ಹೊತ್ತಿಗೆ ಸರಿಯಾಗಿ, ಒಂದಿದೆ, ಆದ್ರೆ ಬೇಡ ಬಿಡಿ, ಅಂದ. ಅವರು ಕಾಲಿಗೆ ಬೀಳುವುದೊಂದು ಬಾಕಿ. ಹೀಗೆ ಒಬ್ಬೊಬ್ಬರಿಗೂ ಜುಲ್ಮಿರಾಳನ್ನು ಬಚ್ಚಿಟ್ಟು ಬಚ್ಚಿಟ್ಟು ತೋರಿಸಿಕೊಟ್ಟ. ಫ್ರೆಂಚ್ ಕುಟುಂಬ ಒಂದಕ್ಕಂತೂ, ಹೋದ್ರೆ ನನ್ನ ಹೆಸರು ಮಾತ್ರ ಹೇಳಬೇಡಿ, ಆಕೆ ನನ್ನನ್ನ ಸುಮ್ನೆ ಬಿಡೋದಿಲ್ಲ ಎಂದು ಕೈ ಹಿಡಿದು ಬೇಡಿಕೊಂಡ. ನಿಜವನ್ನು ಮೋಸದಿಂದ ದಾಟಿಸುವ ಈ ಕೆಲಸದಲ್ಲಿ ಅವನಿಗೆ ಒಂದು ಬಗೆಯ ಮಜಾ ಹುಟ್ಟಿತು. ಹನ್ನೆರಡೂವರೆಗೆ ಕೆಳಗಿನಿಂದ ತಟ್ಟೆಗಳ ಸದ್ದು, ಕುರ್ಚಿ ಎಳೆಯುವ ಸದ್ದು ಮೇಲಕ್ಕೆ ಕೇಳಿಸತೊಡಗಿತು. ಎಷ್ಟೋ ವರ್ಷದ ಮೇಲೆ ಕೇಳಿದ ಸದ್ದು. ಫಿರ್ಮಿನೊ ಏಪ್ರನ್ ಬಿಚ್ಚಿ, ಕೈ ತೊಳೆದು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡ. ಹೋಗಿ ಎಲ್ಲ ಹೇಳಿಬಿಡುತ್ತೇನೆ, ಹನ್ನೆರಡು ವರ್ಷದ್ದು ಒಂದೇ ಉಸಿರಿಗೆ, ಆಕೆ ಸಂತೋಷದಲ್ಲಿರುವಾಗಲೇ ಹೇಳಿಬಿಟ್ಟರೆ ಕ್ಷಮೆ ಬೇಗ ಸಿಗುತ್ತದೆ ಎಂದುಕೊಂಡ.

ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲಿನಿಂದ ಮೆಟ್ಟಿಲ ತನಕ ಜನ ಸಾಲು ನಿಂತಿದ್ದರು, ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು, ಗುಟ್ಟಿನ ಜಾಗವಲ್ಲವೇ. ಒಳಗೆ ನುಸುಳಲು ಹೋದರೆ ಸಾಲಿನಲ್ಲಿದ್ದ ಒಬ್ಬ, ಸ್ವಾಮೀ ಹಿಂದೆ ನಿಂತ್ಕೊಳ್ಳಿ, ಅಂದ. ನಾನು ಇಲ್ಲಿಯವನು ಅಂದ ಫಿರ್ಮಿನೊ. ಆ ಮಾತಿಗೆ ಸಾಲು ಭಕ್ತಿಯಿಂದ ಎರಡಾಗಿ ದಾರಿ ಬಿಟ್ಟಿತು, ಇಬ್ಬರು ಫೋಟೋ ತೆಗೆದುಕೊಂಡರು. ಆರು ಮೇಜಿಗೆ ಇಪ್ಪತ್ತು ಮೂವತ್ತು ಜನ ಒತ್ತೊತ್ತಾಗಿ ಕೂತಿದ್ದರು. ಅವನ ಮೇಜಿನಲ್ಲಿ ಎತ್ತರದ ಹುಡುಗಿ ಗೆಳೆಯರೊಂದಿಗೆ ಕೂತಿದ್ದವಳು ಇವನನ್ನು ಕಂಡು, ಬಾಯಿ ಬಿಡುವುದಿಲ್ಲ ಎಂದು ತುಟಿಗೆ ಬೆರಳಿಟ್ಟು ತೋರಿಸಿದಳು. ಫಿರ್ಮಿನೊ ಜನರ ಮುಖ ನೋಡಿದ. ಅನ್ನ ಬಾಯಿಗಿಟ್ಟ ಒಬ್ಬೊಬ್ಬರೂ ಒಂದು ಗಳಿಗೆ ಕಣ್ಣು ಮುಚ್ಚಿ, ನೀರಿನ ಲೋಟಕ್ಕೆ ಕೈ ಹಾಕಿ, ಮತ್ತೆ ಧೈರ್ಯ ಮಾಡಿ ಮುಂದಿನ ತುತ್ತು ಎತ್ತುತ್ತಿದ್ದರು. ಪಕ್ಕದ ಮೇಜಿನ ಗಂಡ ಹೆಂಡತಿಗೆ ವಿವರಿಸುತ್ತಿದ್ದ. ಇದೇ ನೋಡು ನಿಜವಾದ ರುಚಿ, ಬೇರೆ ಕಡೆ ನಮಗೋಸ್ಕರ ಉಪ್ಪು ಕಡಿಮೆ ಮಾಡಿಬಿಡ್ತಾರೆ. ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು, ಹೌದು ಹೌದು, ಅಂದಳು.

ಅಡುಗೆಮನೆಯಲ್ಲಿ ಜುಲ್ಮಿರಾ ಒಂದು ಕೈಯಲ್ಲಿ ಒಲೆಯ ಕಟ್ಟೆ ಹಿಡಿದುಕೊಂಡು, ಇನ್ನೊಂದರಲ್ಲಿ ಬಂಗುಡೆ ತಿರುವುತ್ತಿದ್ದಳು. ಮುಖ ಕೆಂಪಗೆ ಕಾದಿತ್ತು, ಕೂದಲು ಹಣೆಗೆ ಅಂಟಿತ್ತು. ಎಡಗಾಲನ್ನು ನೆಲಕ್ಕೆ ಪೂರ್ತಿ ಊರದೆ ನಿಂತಿದ್ದಳು. ಫಿರ್ಮಿನೊ ಬಾಗಿಲಲ್ಲಿ ನಿಂತು ಹೇಳಿದ. ಮೊದಲ ದಿನದ ಕಕ್ಕಸಿನ ಮೂಲೆಯಿಂದ ಹಿಡಿದು ಅಡೆಲಿನೊ, ಚರಂಡಿ, ಮಂಚದ ಕೆಳಗಿನ ಬಾಟಲಿಗಳವರೆಗೆ ಒಂದನ್ನೂ ಬಿಡಲಿಲ್ಲ. ಕೊನೆಗೆ, ಇವರನ್ನೆಲ್ಲ ಕಳಿಸಿದ್ದೂ ನಾನೇ, ಇನ್ನು ದಿನಾ ಕಳಿಸ್ತೀನಿ, ನೀವು ನಾಳೆ ಸಹಿ ಹಾಕೋದು ಬೇಡ, ಅಂದ. ಆಕೆ ಬಂಗುಡೆ ತಿರುವುವುದನ್ನು ನಿಲ್ಲಿಸಿದಳು. ತಿರುಗಿ ಅವನನ್ನು ನೋಡಿದ ನೋಟದಲ್ಲಿ ಸಂತೋಷದ ಸುಳಿವೇ ಇರಲಿಲ್ಲ.

"ನೀವು ಮೇಲಕ್ಕೆ ಕಳಿಸ್ತಿದ್ದದ್ದು ನನಗೆ ಗೊತ್ತು," ಅಂದಳು. "ಅಡೆಲಿನೊನೇ ಬಂದು ಹೇಳಿದ್ದ, ಒಂಬತ್ತು ವರ್ಷ ಆಯ್ತು. ಮೊದಲು ಸಿಟ್ಟು ಬಂತು. ನಿಮ್ಮ ಸೂಪಿಗೆ ವಿಷ ಹಾಕೋಣ ಅನ್ನಿಸ್ತು. ಆಮೇಲೆ ಈ ಮಂಡಿ ಹಿಡ್ಕೊಂತಲ್ಲ, ಆಗ ಅಂದ್ಕೊಂಡೆ, ಈ ಮನುಷ್ಯ ನನಗೋಸ್ಕರ ಮಾಡ್ತಿದ್ದಾರೆ ಅಂತ."

ಫಿರ್ಮಿನೊ ಏನೋ ಹೇಳಲು ಹೋದ. ಆಕೆ ಸೌಟು ಎತ್ತಿ ತಡೆದಳು. ಹೊರಗಿನಿಂದ ಯಾರೋ ಇನ್ನೊಂದು ಬುಟ್ಟಿ ರೊಟ್ಟಿ ಕೇಳಿದರು, ಬಂದೆ ಬಂದೆ ಎಂದು ಕೂಗಿ, ದನಿ ತಗ್ಗಿಸಿ ಒಂದೇ ಸಮನೆ ಹೇಳತೊಡಗಿದಳು. ಸಾಯುವಾಗ ಅತ್ತೆ ಆಕೆಯ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳಂತೆ. ಮಧ್ಯಾಹ್ನದ ಹೊತ್ತು ಹಸಿದು ಒಬ್ಬರು ಬಾಗಿಲಿಗೆ ಬಂದರೂ ಈ ಒಲೆ ಆರಿಸಕೂಡದು. ಅಮ್ಮನಿಗೆ ಕೊಟ್ಟ ಮಾತಾಗಿದ್ದರೆ ಮುರಿಯಬಹುದಿತ್ತು, ಅತ್ತೆಗೆ ಕೊಟ್ಟದ್ದನ್ನು ಹೇಗೆ ಮುರಿಯುವುದು? ಸೆತೂಬಲ್‌ನಲ್ಲಿ ತಂಗಿ ದಿಯೊಲಿಂದಾ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಈಕೆ ಬಂದು ಇರಲೆಂದು ಎರಡು ವರ್ಷದಿಂದ ಕಾಯುತ್ತಿದ್ದಾಳೆ. ಬಡಗಿ ಹೋದ, ದರ್ಜಿಯವಳು ಹೋದಳು, ಡ್ರೈವರ್ ಹೋದ, ಒಂದೊಂದು ಮೇಜು ಖಾಲಿಯಾದ ಹಾಗೂ ಈಕೆ ಒಳಗೊಳಗೇ ದಿನ ಎಣಿಸುತ್ತಿದ್ದಳು. ಕೊನೆಗೆ ಉಳಿದದ್ದು ಒಬ್ಬ ಫಿರ್ಮಿನೊ. ಅದಕ್ಕೇ ಆರು ವಾರದಿಂದ ಕೈತುಂಬ ಉಪ್ಪು ಸುರಿದದ್ದು. ಅವನೇ ತಾನಾಗಿ ಬರುವುದು ನಿಲ್ಲಿಸಿದರೆ ಅತ್ತೆಯ ಮಾತೂ ಉಳಿಯಿತು, ಯಾರ ಮನಸ್ಸೂ ನೋಯಲಿಲ್ಲ. ಇವನೋ, ತಟ್ಟೆ ಒರೆಸಿ ತಿಂದು ತುಂಬಾ ಚೆನ್ನಾಗಿತ್ತು ಎಂದು ಎದ್ದು ಹೋಗುತ್ತಿದ್ದ. ಸರಿ, ಒಬ್ಬರಾದರೆ ಕೂರಿಸಿಕೊಂಡು ಬಿಡಿಸಿ ಹೇಳಬಹುದು ಎಂದು ನಿನ್ನೆ ಧೈರ್ಯ ಮಾಡಿ ಬಾಯಿ ತೆಗೆದಿದ್ದಳು.

"ನಿನ್ನೆ ನೀವು ನಿಟ್ಟುಸಿರು ಬಿಟ್ರಲ್ಲ," ಅಂದ ಫಿರ್ಮಿನೊ.

"ಅಬ್ಬಾ ಮುಗೀತಲ್ಲ ಅಂತ ಬಿಟ್ಟ ಉಸಿರು ಅದು." ಆಕೆ ಬಂಗುಡೆಯನ್ನು ತಟ್ಟೆಗೆ ಹಾಕಿದಳು, ತಟ್ಟೆ ಕಟ್ಟೆಗೆ ಬಡಿದು ಸದ್ದಾಯಿತು. "ಈಗ ಆ ಉದ್ದನೆ ಹುಡುಗಿ ನಾಳೆ ಹನ್ನೆರಡು ಜನ ಬರ್ತೀವಿ ಅಂದ್ಳು. ಹಸಿದವರ ಮುಂದೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ, ಹೂಂ ಅಂದ್ಬಿಟ್ಟೆ. ಈ ಓಣಿಯಲ್ಲಿ ನನ್ನ ಆಯಾಸ ಕಣ್ಣಿಗೆ ಬಿದ್ದದ್ದು ನಿಮಗೊಬ್ಬರಿಗೇ ಅಂತ ಒಂಬತ್ತು ವರ್ಷ ಅಂದ್ಕೊಂಡಿದ್ದೆ, ಸೆನ್ಯೋರ್ ಫಿರ್ಮಿನೊ. ನೀವು ನೋಡಿದ್ರೆ ಕುರ್ಚಿಗೋಸ್ಕರ ಮಾಡಿದ್ರಾ?"

ಆಕೆ ಬೈದಿದ್ದರೆ, ಸೌಟು ಎಸೆದಿದ್ದರೆ ನಿಂತು ತಡೆದುಕೊಳ್ಳುತ್ತಿದ್ದ. ಆಕೆಯ ಗಲ್ಲದ ಮೇಲೆ ಇಳಿಯುತ್ತಿದ್ದದ್ದು ಬೆವರೋ ಕಣ್ಣೀರೋ ತಿಳಿಯಲಿಲ್ಲ, ನೋಡಲೂ ಧೈರ್ಯವಾಗಲಿಲ್ಲ. ಕಾಲೆಳೆದುಕೊಂಡು ಎರಡು ತಟ್ಟೆ ಹಿಡಿದು ಹೊರಗೆ ಹೋದಳು. ಹೊರಗೆ ಇಪ್ಪತ್ತು ಬಾಯಿ ಒಟ್ಟಿಗೆ ಆಹಾ ಅಂದವು. ಫಿರ್ಮಿನೊ ಒಲೆಯ ಮುಂದೆ ಒಬ್ಬನೇ ನಿಂತ. ಮಾಡಿದ ಪಾಪಕ್ಕೆ ಈ ಹೆಂಗಸು ಒಂಬತ್ತು ವರ್ಷ ತನ್ನನ್ನು ಮೆಚ್ಚಿಕೊಂಡಿದ್ದಳು. ಇವತ್ತು ಮಾಡಿದ ಪುಣ್ಯಕ್ಕೆ ಅದು ಹೋಯಿತು. ಬಾಗಿಲು ಹಾಕಿ ಜನರನ್ನು ಓಡಿಸಲೇ? ಓಡಿಸಿದರೆ ನಾಳೆ ಇಮ್ಮಡಿ ಬರುತ್ತಾರೆ, ಇವರ ಬುದ್ಧಿ ಇಷ್ಟು ಹೊತ್ತಿಗೆ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು. ಬೇಡ ಅಂದಷ್ಟೂ ಬರುವ ಜನ. ಇವರನ್ನು ದೂರ ಇಡುವ ದಾರಿ ಲೋಕದಲ್ಲಿ ಒಂದೇ ಒಂದಿತ್ತು. ಸತ್ತರೂ ಮಾಡೆ ಎಂದು ತಾನು ನಕ್ಕಿದ್ದ ದಾರಿ ಅದು. ಆದರೂ ಕಿಟಕಿಯ ಹತ್ತಿರವಿದ್ದ, ಆ ದಿನದ ಅಡುಗೆ ಬರೆದ ಹಲಗೆ ಎತ್ತಿಕೊಂಡು, ಮೇಜುಗಳ ನಡುವೆ ಹಾದು, ಬಾಗಿಲಿನಿಂದಾಚೆ ಬಂದು ನಿಂತ.

"ಹಲೋ ಮೈ ಫ್ರೆಂಡ್," ಅಂದ ಫಿರ್ಮಿನೊ. "ಬನ್ನಿ, ಬನ್ನಿ! ಒಳ್ಳೇ ಊಟ, ಅಗ್ಗದ ಊಟ, ಲಿಸ್ಬನ್ನಿಗೇ ಇಂಥ ಊಟ ಇನ್ನೊಂದಿಲ್ಲ!" ಸಾಲಿನಲ್ಲಿದ್ದವರು ಬೆಚ್ಚಿ ನೋಡಿದರು. ಒಬ್ಬಾಕೆಯ ತೋಳು ಹಿಡಿದು, ಇಂಗ್ಲಿಷ್ ಮೆನು ಇದೆ, ಫೋಟೋ ಇರೋ ಮೆನು ಇದೆ, ಪಿಜ್ಜಾನೂ ಮಾಡಿಕೊಡ್ತೀವಿ, ಅಂದ. ಆಕೆ ತೋಳು ಬಿಡಿಸಿಕೊಂಡಳು. ಸಾಲಿನ ಹಿಂದಿನ ತುದಿ ಕರಗತೊಡಗಿತು, ಆಮೇಲೆ ನಡುವಿನದು. ಇವನು ನಮಗೆ ಬೆಳಿಗ್ಗೆ ಗುಟ್ಟಾಗಿ ಹೇಳಿದವನೇ ಅಲ್ಲವೇ ಎಂದು ಫ್ರೆಂಚ್ ತಾಯಿ ಗಂಡನಿಗೆ ಹೇಳಿದ್ದು ಕೇಳಿಸಿತು. ಗಂಡ, ಎಲ್ಲಾ ನಾಟಕ ಕಣೇ, ಎಂದು ಮಕ್ಕಳ ಕೈ ಹಿಡಿದು ಎಳೆದುಕೊಂಡು ಹೋದ. ಫಿರ್ಮಿನೊ ಮೆಟ್ಟಿಲ ತನಕ ಅವರ ಹಿಂದೆಯೇ ಹೋಗಿ, ಮಕ್ಕಳಿಗೆ ಐಸ್ ಕ್ರೀಮ್ ಉಚಿತ, ಎಂದು ಕೂಗಿದ. ಮೇಲೆ ರೈಲಿಂಗು ಹಿಡಿದು ನಿಂತಿದ್ದ ಪರಿಚಯದ ಟ್ರಾಮ್ ಕಂಡಕ್ಟರ್ ಒಬ್ಬ, ಏನ್ರೀ ಫಿರ್ಮಿನೊ, ಬೀಗದ ಕೈ ವ್ಯಾಪಾರ ಬಿದ್ದುಹೋಯ್ತಾ, ಎಂದು ಕೇಳಿ ನಕ್ಕ. ಹೌದು ಬಿದ್ದುಹೋಯ್ತು, ಅಂದ ಫಿರ್ಮಿನೊ, ಕಂಡಕ್ಟರನಿಗೂ ಹಲಗೆ ತೋರಿಸಿ ಬನ್ನಿ ಅಂದ. ನಾಚಿಕೆ ಎಂಬುದು ಇಷ್ಟು ಬೇಗ ಖರ್ಚಾಗಿ ಹೋಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಒಳಗಿದ್ದವರಿಗೂ ಅವನ ದನಿ ಕೇಳಿಸುತ್ತಿತ್ತು. ಒಬ್ಬೊಬ್ಬರೇ ಫೋರ್ಕು ಕೆಳಗಿಟ್ಟು ಅನ್ನವನ್ನು ಅನುಮಾನದಿಂದ ನೋಡತೊಡಗಿದರು. ಎಂಥ ಉಪ್ಪಪ್ಪಾ ಇದು, ಎಂದು ಆ ಹೆಂಡತಿ ಈಗ ಬಾಯಿಬಿಟ್ಟು ಹೇಳಿದಳು, ಗಂಡನೂ ಹೌದೆಂದ. ಊಟ ಮುಗಿಸಿದವರು ತಲೆ ತಗ್ಗಿಸಿಕೊಂಡು, ಮೋಸಹೋದದ್ದು ಬೇರೆಯವರಿಗೆ ಕಾಣದಿರಲಿ ಎಂಬಂತೆ ಬೇಗ ಬೇಗ ಹೋದರು. ಕೊನೆಗೆ ಬಂದವಳು ಎತ್ತರದ ಹುಡುಗಿ. ಅವನ ಎದುರಿಗೆ ಬಂದು ನಿಂತಳು. ಅವಳ ಮುಖದಲ್ಲಿ ನಿಜವಾದ ನೋವಿತ್ತು. ಅದನ್ನು ನೋಡಿ ಫಿರ್ಮಿನೊನಿಗೆ ಪಾಪ ಅನ್ನಿಸಿತು, ಒಳ್ಳೆಯ ಹುಡುಗಿ, ಮಾತು ಉಳಿಸಿಕೊಂಡಿದ್ದವಳು. ನಾಳೆ ಹನ್ನೆರಡು ಜನರನ್ನೂ ತಪ್ಪದೆ ಕರ್ಕೊಂಡು ಬನ್ನಿ, ಅಂದ ಅವನು, ಗುಂಪಿಗೆ ರಿಯಾಯಿತಿ ಇದೆ, ಹಾಡು ಹೇಳೋಕೆ ಜನ ಕರೆಸ್ತೀನಿ. ಅವಳು ನೋಟುಬುಕ್ಕು ತೆಗೆದು ಒಂದು ಸಾಲಿನ ಮೇಲೆ ಅಡ್ಡಗೆರೆ ಎಳೆದಳು, ಎಳೆದು ಮತ್ತೊಮ್ಮೆ ಎಳೆದಳು, ಗೆಳೆಯರ ಹಿಂದೆ ಮೆಟ್ಟಿಲು ಹತ್ತಿ ಹೋದಳು.

ಎರಡೂವರೆಗೆ ಓಣಿ ಖಾಲಿಯಾಯಿತು. ಫಿರ್ಮಿನೊ ಒಳಗೆ ತಿರುಗಿ ನೋಡಲಿಲ್ಲ. ಸುಮಾರು ಹೊತ್ತು ನೀರಿನ ಸದ್ದು, ತಟ್ಟೆ ಜೋಡಿಸುವ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಜುಲ್ಮಿರಾ ಬಾಗಿಲಿಗೆ ಬಂದು, ಎಡಗಾಲಿಗೆ ಭಾರ ಕೊಡದೆ ಚೌಕಟ್ಟಿಗೆ ಒರಗಿ ನಿಂತಳು. ಆಕೆ ಎಷ್ಟು ಹೊತ್ತಿನಿಂದ ಅವನ ಕೂಗು ಕೇಳಿಸಿಕೊಂಡಿದ್ದಳೋ ತಿಳಿಯದು. ಅವನ ಬಾಚಿದ ಕೂದಲು ಹಣೆಗೆ ಬಿದ್ದಿತ್ತು, ಅಂಗಿ ಬೆನ್ನಿಗೆ ಅಂಟಿತ್ತು.

"ನಾಳೆ ಊಟಕ್ಕೆ ಬರಬೇಡಿ, ಸೆನ್ಯೋರ್ ಫಿರ್ಮಿನೊ," ಅಂದಳು. ದನಿ ಮೆತ್ತಗಿತ್ತು.

"ಇಲ್ಲ, ಬರೋದಿಲ್ಲ, ನೀವು ಸಹಿ ಹಾಕಿ," ಅಂದ ಫಿರ್ಮಿನೊ.

ಮೆಟ್ಟಿಲ ಮೇಲೆ ಚಕ್ರದ ಪೆಟ್ಟಿಗೆ ಎಳೆದುಕೊಂಡು ಇಬ್ಬರು ಹೊಸಬರು ಕಾಣಿಸಿಕೊಂಡರು. ಖಾಲಿ ಓಣಿಯನ್ನೂ, ಬೋರ್ಡಿಲ್ಲದ ಬಾಗಿಲನ್ನೂ, ಬಾಗಿಲಲ್ಲಿ ನಿಂತ ಮುದುಕಿಯನ್ನೂ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಿರ್ಮಿನೊ ಹಲಗೆ ಎತ್ತಿಕೊಂಡು ಆಕೆಗೆ ಅಡ್ಡವಾಗಿ ಮುಂದೆ ಬಂದ. ಕೂಗಿ ಕೂಗಿ ದನಿ ಒಡೆದಿತ್ತು, ಆದರೂ ಇದ್ದಷ್ಟು ದನಿಯಲ್ಲಿ, ಬನ್ನಿ ಬನ್ನಿ, ಎಂದು ಕೂಗಿದ.